ಕಿಂಡಿಯ ಬಳಿ ಯಾರಿದ್ದರು?

ಚಿತ್ರದುರ್ಗದ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳು ಎರಡು ಕಥೆ ಹೇಳುತ್ತಾರೆ. ಮದಕರಿನಾಯಕನದು ಒಂದು, ಓಬವ್ವನದು ಇನ್ನೊಂದು. ಮೊದಲನೆಯವನು ನಾಯಕ, ಎರಡನೆಯವಳು ಬರೀ ವೀರವನಿತೆ. ಈ ಪಾಲು ಹಂಚಿದವರು ಯಾರು?

ತ.ರಾ.ಸು. ಅವರ ‘ದುರ್ಗಾಸ್ತಮಾನ’ (1982) ದುರ್ಗದವರಿಗೆ ಮನೆಯ ಪುಸ್ತಕವಿದ್ದಂತೆ. ಆ ಬರವಣಿಗೆಯ ಕಸುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆಸರೇ ಹೇಳುತ್ತದಲ್ಲ, ದೊರೆ ಬಿದ್ದರೆ ದುರ್ಗದ ಸೂರ್ಯನೇ ಮುಳುಗಿದ ಅಂತ. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು, ಸರಿ. ಮರುದಿನ ಹಟ್ಟಿಯವರ ಬಿಟ್ಟಿ ತಪ್ಪಿತೇ? ಅವರಿಗೆ ಸೂರ್ಯ ಹುಟ್ಟಿದ್ದಾದರೂ ಯಾವಾಗ?

ಈಗ ಓಬವ್ವನ ಕಥೆಯನ್ನು ನಮ್ಮ ಕಣ್ಣಿಂದ ನೋಡೋಣ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಬಂದ. ಛಲವಾದಿ ಹೆಣ್ಣು ಓಬವ್ವ ನೀರಿಗೆ ಹೋದಳು. ಕಿಂಡಿಯಲ್ಲಿ ಶತ್ರು ನುಸುಳುವುದನ್ನು ಕಂಡು ಒನಕೆ ಹಿಡಿದಳು. ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸಲಿಲ್ಲ ಅಂತ ಹೊಗಳುವವರಿದ್ದಾರೆ. ಆ ಹೊಗಳಿಕೆಯಲ್ಲಿ ಹೆಂಡತಿ ಇದ್ದಾಳೆ, ನಾಯಕಿ ಇಲ್ಲ. ಕಾವಲಿನವನು ಒಂದು ತುತ್ತು ಉಣ್ಣಲು ಹೋದರೆ ಅವನ ಜಾಗಕ್ಕೆ ಇನ್ನೊಬ್ಬನಿರಲಿಲ್ಲ. ಇದು ದೊರೆಯ ಮೇಲಿನ ದೂರು ಅಂತ ಯಾರೂ ಓದುವುದಿಲ್ಲ. ಅಪ್ಪಣೆಗೆ ಕಾಯದೆ, ಕೈಗೆ ಸಿಕ್ಕಿದ್ದನ್ನು ಹಿಡಿದು, ಆ ಹೊತ್ತಿನ ಕೆಲಸ ಮಾಡಿದವಳು ಅವಳು. 1972ರ ‘ನಾಗರಹಾವು’ ಸಿನಿಮಾದಲ್ಲಿ ಪುಟ್ಟಣ್ಣ ಕಣಗಾಲ್ ಜಯಂತಿಯವರ ಮೂಲಕ ಅವಳನ್ನು ಕಣ್ಣಿಗೆ ಕಟ್ಟಿಸಿದರು. ಒಂದು ಹಾಡಿನಷ್ಟು ಹೊತ್ತು!

ದೊರೆಯ ಸುತ್ತಲೇ ಕಥೆ ಕಟ್ಟುವ ಚಾಳಿ ಕೋಟೆಯೊಳಗೇ ಮುಗಿಯಲಿಲ್ಲ. 1962ರಲ್ಲಿ ಹೊಸದುರ್ಗದ ಮತದಾರರು ಎಸ್. ನಿಜಲಿಂಗಪ್ಪನವರನ್ನೇ ಸೋಲಿಸಿದರು. ಎಸ್.ಆರ್. ಕಂಠಿ ಮೂರು ತಿಂಗಳು ಕುರ್ಚಿ ಕಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು ಬಂದು ಅದರಲ್ಲಿ ಕೂತರು. ಕುರ್ಚಿ ಬಿಟ್ಟುಕೊಟ್ಟ ಕಂಠಿಯವರ ದೊಡ್ಡತನ ಎಲ್ಲರ ಬಾಯಲ್ಲಿದೆ. ಹೊಸದುರ್ಗದ ಜನ ಯಾಕೆ ಬೇಡವೆಂದರು ಅಂತ ಕೇಳುವವರು ಎಷ್ಟು ಮಂದಿ?

ನಮ್ಮವರಿಗೂ ಕುರ್ಚಿ ಸಿಕ್ಕಿದೆ. ಹಿಂದೆ ಹಿರಿಯೂರು ಮೀಸಲು ಕ್ಷೇತ್ರವಾಗಿತ್ತು. 2008ರಿಂದ ಹೊಳಲ್ಕೆರೆ ಮೀಸಲು, 2009ರಿಂದ ಚಿತ್ರದುರ್ಗ ಲೋಕಸಭೆಯೂ ಮೀಸಲು. ಅದೇ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ 2019ರ ಸೆಪ್ಟೆಂಬರಿನಲ್ಲಿ ಸಂಸದ ಎ. ನಾರಾಯಣಸ್ವಾಮಿ ಹೋದಾಗ, ದಲಿತರು ಅಂತ ಊರಮುಂದೆಯೇ ತಡೆದರು. ಅವರು ಹಿಂದಿರುಗಿದರು. ಅವರನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ಸಂಸದರನ್ನು ತಡೆದರೆ ಪತ್ರಿಕೆಯಲ್ಲಿ ಸುದ್ದಿ. ಕೂಲಿಯವನನ್ನು ತಡೆದರೆ ಅದು ಊರಿನ ಪದ್ಧತಿ.

ಬಿ. ಕೃಷ್ಣಪ್ಪನವರ ನೆನಪಾಗುವುದು ಇಲ್ಲೇ. ಹುಟ್ಟಿದ್ದು ಹರಿಹರ, ಆಗ ಅದು ಚಿತ್ರದುರ್ಗ ಜಿಲ್ಲೆ. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು. ಶಾಸನಸಭೆಯ ಕುರ್ಚಿ ಅವರಿಗಿರಲಿಲ್ಲ. ಆದರೆ ಅವರು ಕಟ್ಟಿದ ದಲಿತ ಸಂಘರ್ಷ ಸಮಿತಿ ‘ತಾಲ್ಲೂಕು ಸಂಚಾಲಕ’ ಅನ್ನುವ ಹೊಸ ಮನುಷ್ಯನನ್ನು ಹುಟ್ಟಿಸಿತು. ಅರ್ಜಿ ಬರೆಯುವವನು, ಠಾಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂರುವವನು, ಕೃಷ್ಣಪ್ಪ ಬರಲಿ ಅಂತ ಕಾಯದವನು. ಕಿಂಡಿಗೆ ಎರಡನೆಯ ಕಾವಲುಗಾರ ಅಂದರೆ ಇವನೇ. ಮುಂದೆ ಸಮಿತಿ ಬಣಬಣವಾಗಿ ಒಡೆಯಿತು. ಕೃಷ್ಣಪ್ಪನವರು 1997ರಲ್ಲಿ ತೀರಿಕೊಂಡರು. ಆ ಒಡಕನ್ನೂ ನಮ್ಮ ನಾಯಕತ್ವದ ಲೆಕ್ಕಕ್ಕೇ ಬರೆದುಕೊಳ್ಳಬೇಕು, ಬರೀ ಶತ್ರುಗಳ ತಲೆಗೆ ಕಟ್ಟಿದರೆ ಆಗದು.

2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಓಬವ್ವನ ಜಯಂತಿ ಮಾಡುತ್ತಿದೆ. ಮೇಷ್ಟ್ರುಗಳೇ, ಆ ದಿನ ಹುಡುಗರಿಗೆ ಒನಕೆಯ ಚಿತ್ರ ಬರೆಸಿ, ಬೇಡವೆನ್ನುವುದಿಲ್ಲ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿ: ಮುದ್ದಹನುಮ ಉಣ್ಣಲು ಹೋದಾಗ ಆ ಕಿಂಡಿಗೆ ಇನ್ನೊಬ್ಬನನ್ನು ನಿಲ್ಲಿಸಬೇಕಾದವರು ಯಾರು?