ಕಾನ್ಫರೆನ್ಸಿಂದ ಏನ್ ತಂದ್ರಿ, ಮೇಷ್ಟ್ರೇ?

ಮೊನ್ನೆ ಭಾನುವಾರ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹಳೇ ಗೆಳೆಯ ಸಿಕ್ಕಿದ. ಇಲ್ಲೇ ಮೈಸೂರಿನ ಕಾಲೇಜೊಂದರಲ್ಲಿ ಮೇಷ್ಟ್ರು. ಬೋಧನೆಯಲ್ಲಿ ತಂತ್ರಜ್ಞಾನ ಅಂತ ಎರಡು ದಿನದ ಕಾನ್ಫರೆನ್ಸ್ ಮುಗಿಸಿ ಬಂದಿದ್ದ. "ಏನ್ ತಂದ್ಯೋ?" ಅಂದೆ. "ಒಂದು ಬ್ಯಾಗು, ಒಂದು ಸರ್ಟಿಫಿಕೇಟು, ಆಮೇಲೆ ಫ್ಲಿಪ್ಡ್ ಕ್ಲಾಸ್‌ರೂಮ್" ಅಂದ.

ಅಂದ್ರೆ ಪಾಠದ ವಿಡಿಯೋ ಮನೆಯಲ್ಲೇ ನೋಡಿಕೊಂಡು ಬರಬೇಕು. ಕ್ಲಾಸಲ್ಲಿ ಚರ್ಚೆ, ಲೆಕ್ಕ ಬಿಡಿಸೋದು. ಮುಂದಿನ ವಾರದಿಂದಲೇ ಶುರುವಂತೆ. ಅವನ ಕ್ಲಾಸಿನ ಅರ್ಧ ಮಕ್ಕಳು ಎಚ್.ಡಿ. ಕೋಟೆ, ನಂಜನಗೂಡು ಕಡೆಯಿಂದ ಬಸ್ಸಲ್ಲಿ ಬರುವವರು. ಮನೆ ಸೇರುವಾಗ ರಾತ್ರಿ. ಎಷ್ಟೋ ಮನೆಗಳಲ್ಲಿ ಇರೋದು ಒಂದೇ ಒಳ್ಳೆ ಫೋನು, ಅದು ಅಣ್ಣನ ಕೈಲಿ. ನಾನೂ ಹಳ್ಳಿಯಿಂದ ಬಂದು ಬಿ.ಇ. ಓದಿದವನೇ. ನನ್ನನ್ನು ದಡ ಸೇರಿಸಿದ್ದು ಯಾವ ಸ್ಲೈಡೂ ಅಲ್ಲ. ಕ್ಲಾಸು ಮುಗಿದ ಮೇಲೆ ಹತ್ತು ನಿಮಿಷ ನಿಂತು, ಅದೇ ಪಾಠವನ್ನು ಕನ್ನಡದಲ್ಲಿ ಹೇಳಿಕೊಟ್ಟ ಒಬ್ಬ ಮೇಷ್ಟ್ರು.

ತಮಾಷೆ ಏನಂದ್ರೆ, ಈ ವಿಧಾನ ಹೆಸರಾಗಿದ್ದೇ ದೂರದ ಮಕ್ಕಳ ಕಷ್ಟದಿಂದ. ಅಮೆರಿಕದ ಕೊಲೊರಾಡೊದಲ್ಲಿ ವುಡ್‌ಲ್ಯಾಂಡ್ ಪಾರ್ಕ್ ಅಂತ ಒಂದೂರು. ಅಲ್ಲಿನ ಹೈಸ್ಕೂಲಲ್ಲಿ ಆಟೋಟಕ್ಕೆಂದು ದೂರ ಹೋಗುವ ಮಕ್ಕಳಿಗೆ ಕ್ಲಾಸು ತಪ್ಪುತ್ತಿತ್ತು. ಕೆಮಿಸ್ಟ್ರಿ ಕಲಿಸುತ್ತಿದ್ದ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ 2007ರಲ್ಲಿ ಪಾಠ ರೆಕಾರ್ಡ್ ಮಾಡತೊಡಗಿದರು. ಇಂಟರ್ನೆಟ್ ಇಲ್ಲದವರಿಗೆ ಡಿವಿಡಿ ಕೊಟ್ಟರು. ಮೊದಲು ಕಷ್ಟ ಕಂಡರು, ಆಮೇಲೆ ರೆಕಾರ್ಡಿಂಗಿಗೆ ಕೈ ಹಾಕಿದರು. ನಾವು ಉತ್ತರ ಹೊತ್ತು ತರ್ತೀವಿ, ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬರ್ತೀವಿ.

ಮೇಷ್ಟ್ರುಗಳನ್ನೇ ಬೈದು ಪ್ರಯೋಜನವಿಲ್ಲ. ಸರ್ಟಿಫಿಕೇಟು ಎಣಿಸೋದು ಸುಲಭ, ಪಾಠ ಕೊನೇ ಬೆಂಚಿಗೆ ಮುಟ್ಟಿತಾ ಅಂತ ಅಳೆಯೋದು ಕಷ್ಟ. ನಾವು ಐಟಿಯವರೂ ಅಷ್ಟೇ: ಕಾನ್ಫರೆನ್ಸಿಂದ ಟಿ-ಶರ್ಟ್ ತರ್ತೀವಿ, ಆಫೀಸಲ್ಲಿ ಹಳೇ ಬಗ್ ಹಾಗೇ ಇರುತ್ತೆ.

ಹೊರಗಿಂದ ತಂದದ್ದನ್ನು ಊರಿಗೆ ಹೊಂದಿಸಿದವರು ಮೈಸೂರಲ್ಲೇ ಇದ್ದರು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಓದಿ ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ, 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಶುರು ಮಾಡಿದರು. ಅದೇ 'ಆಕಾಶವಾಣಿ'. ಯಂತ್ರ ಹೊರಗಿನದು; ಅದರಲ್ಲಿ ಕೇಳಿಸಿದ ದನಿ ಮೈಸೂರಿನದು.

ಬೀಳ್ಕೊಡುವಾಗ ಗೆಳೆಯನಿಗೆ ಹೇಳಿದೆ: "ನಾಳೆ ಕ್ಲಾಸಲ್ಲಿ ಮೊದಲು ಕೇಳು, ಮನೇಲಿ ವಿಡಿಯೋ ಯಾರಿಗೆಲ್ಲ ಓಡುತ್ತೆ ಅಂತ. ಕೈ ಎತ್ತದವರನ್ನ ಎಣಿಸ್ಕೋ. ಮುಂದಿನ ಕಾನ್ಫರೆನ್ಸಿಗೆ ಆ ಲೆಕ್ಕ ತಗೊಂಡು ಹೋಗೋ."