ಗೋಡೆಯ ಮೇಲಿನ ಬೆಳ್ಳಕ್ಕಿ

ಬೆಂಗಳೂರಿನಿಂದ ಮಗಳು ಒಂದು ಚಿತ್ರ ಕಳಿಸಿದ್ದಾಳೆ. ರಟ್ಟು, ಪ್ಲಾಸ್ಟಿಕ್ಕು ಎಲ್ಲ ಬಿಚ್ಚಿ ನೋಡಿದರೆ ಎರಡೂವರೆ ಅಡಿ ಅಗಲದ ಚೌಕಟ್ಟಿನೊಳಗೆ ಒಂದೇ ಒಂದು ಬೆಳ್ಳಕ್ಕಿ. ಸುತ್ತ ಏನೂ ಇಲ್ಲ. ಮುಗಿಲಿಲ್ಲ, ಮರವಿಲ್ಲ, ಹಾಲಿಗೆ ತೊಟ್ಟು ಮಸಿ ಬಿದ್ದು ಕದಡಿದಂಥ ಬಿಳಿಬೂದು ಬಣ್ಣ, ಅಷ್ಟೆ. ಹಕ್ಕಿ ಎಡಕ್ಕೆ ಸ್ವಲ್ಪ ಸರಿದು ನಿಂತಿದೆ. ಹಿಂಬದಿಗೆ ಅಂಟಿಸಿದ್ದ ಚೀಟಿಯಲ್ಲಿ ಇದು ಫೈನ್ ಆರ್ಟ್ ಫೋಟೋ ಎಂದೂ ಪ್ರಶಾಂತ ಒಳಾಂಗಣಗಳಿಗೆ ಹೇಳಿ ಮಾಡಿಸಿದ್ದೆಂದೂ ಅಚ್ಚಾಗಿತ್ತು. ಸಂಜೆ ಫೋನಿನಲ್ಲಿ ಮಗಳದೂ ಅದೇ ಮಾತು: "ಅಮ್ಮಾ, ಹಾಲ್‌ನಲ್ಲಿ ಹಾಕು. ನೋಡ್ತಾ ಕೂತರೆ ಮನಸ್ಸು ಶಾಂತವಾಗತ್ತೆ."

ಅವಳಪ್ಪ ಹೋಗಿ ಎರಡು ವರ್ಷವಾಯಿತು. ಬೆಳಗಾದರೆ ಭದ್ರಾವತಿ ಆಕಾಶವಾಣಿ ಹಚ್ಚಿ, ವಾರ್ತೆ ಓದುವವರ ಜೊತೆ ತಾವೂ ವಾದಕ್ಕಿಳಿಯುತ್ತಿದ್ದ ಮನುಷ್ಯ. ಈಗ ಶಾಲೆಯಿಂದ ಬಂದು ಬೀಗ ತೆಗೆದರೆ ಫ್ರಿಜ್ಜಿನ ಗುಂಯ್ ಬಿಟ್ಟು ಬೇರೆ ಸದ್ದಿಲ್ಲ. ಈ ಮನೆಯಲ್ಲಿ ಶಾಂತಿಗೇನು ಕೊರತೆ, ಅದನ್ನು ದುಡ್ಡು ಕೊಟ್ಟು ತರಿಸಬೇಕಿತ್ತೇ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆಡಲಿಲ್ಲ. ಆದರೆ ಚಿತ್ರವನ್ನು ಒಂದು ವಾರ ಗೋಡೆಗೆ ಒರಗಿಸಿಯೇ ಇಟ್ಟೆ.

ನಮ್ಮ ತಲೆಮಾರಿನವರ ಮನೆಯ ಗೋಡೆಗಳು ಹೀಗೆ ಬರಿದಾಗಿದ್ದವೇ, ನೀವೇ ಹೇಳಿ. ತವರುಮನೆಯ ನಡುಮನೆಯಲ್ಲಿ ದೇವರ ಕ್ಯಾಲೆಂಡರುಗಳು, ಅಜ್ಜ ಅಜ್ಜಿಯರ ಫೋಟೋ, ಗಡಿಯಾರ, ಇವುಗಳ ನಡುವೆ ಅಮ್ಮ ಕಸೂತಿ ಹಾಕಿ ಕಟ್ಟು ಹಾಕಿಸಿದ್ದ ಜೋಡಿ ಗಿಳಿ. ಅದರಡಿಯಲ್ಲಿ ಕೆಂಪು ದಾರದ 'ಸುಸ್ವಾಗತ'. ಗಿಳಿಗಳ ಕೊಕ್ಕು ದೇಹಕ್ಕಿಂತ ದಪ್ಪವಾಗಿತ್ತು ಅನ್ನುವುದು ಬೇರೆ ಮಾತು. ಅವು ಹಣ್ಣಿನ ಗೊಂಚಲಿನ ಮೇಲೆ ಕೂತಿದ್ದವು. ಒಂದಕ್ಕೊಂದು ಏನೋ ಹೇಳುತ್ತಿದ್ದವು. ಈ ಹೊಸ ಚಿತ್ರ ಕಂಡು ಮನೆಗೆಲಸಕ್ಕೆ ಬರುವಾಕೆ ಕಸಬರಿಗೆ ಹಿಡಿದೇ ಕೇಳಿದಳು: "ಟೀಚರಮ್ಮ, ಇದು ಎಲ್ಲಿ ನಿಂತಿರೋದು?"

ಆ ಪ್ರಶ್ನೆಯೇ ನನ್ನನ್ನು ಚಿತ್ರದ ಮುಂದೆ ಕೂರಿಸಿತು. ನಿಜ, ಹಕ್ಕಿಯ ಕಾಲುಗಳು ಕೆಳಗಿಳಿಯುತ್ತ ಬೂದಿನಲ್ಲಿ ಕರಗಿಹೋಗಿವೆ. ನೀರಿನ ಒಂದು ಗೆರೆಯೂ ಉಳಿದಿಲ್ಲ.

ಮೊದಲು ಹೊಗಳಬೇಕಾದ್ದನ್ನು ಹೊಗಳಿಬಿಡುತ್ತೇನೆ. ಬಿಳಿಯ ಮೇಲೆ ಬಿಳಿಯನ್ನು ಹಿಡಿಯುವುದು ಸುಲಭವಲ್ಲ. ಚುರುಕು ಬಿಸಿಲಿನಲ್ಲಿ ತೆಗೆದ ಬೆಳ್ಳಕ್ಕಿ ಎಷ್ಟೋ ಸಲ ಸುಣ್ಣದ ಮುದ್ದೆಯಾಗಿಬಿಡುತ್ತದೆ, ಗರಿಗರಿ ಬೇರೆಯಾಗಿ ಕಾಣುವುದಿಲ್ಲ. ಇಲ್ಲಿ ಮೋಡದ ಬೆಳಕಿರಬೇಕು, ನೆರಳೇ ಬಿದ್ದಿಲ್ಲ. ಬೆನ್ನಿನಿಂದ ಬಾಲದಾಚೆಗೂ ಇಳಿದ ನವುರು ಗರಿಗಳು ಬಿಚ್ಚಿಟ್ಟ ರೇಷ್ಮೆ ದಾರದ ಹಾಗೆ ಒಂದೊಂದಾಗಿ ಎಣಿಸುವಂತಿವೆ. ತೆಗೆದವರು ತಾಳ್ಮೆಯವರು.

ಆದರೆ ಅದೇ ಗರಿಗಳು ಚೀಟಿಯ ಮಾತನ್ನು ಸುಳ್ಳು ಮಾಡುತ್ತವೆ. ಅವು ವರ್ಷವಿಡೀ ಇರುವ ಉಡುಪಲ್ಲ. ಮರಿ ಮಾಡುವ ಕಾಲಕ್ಕೆ ಮಾತ್ರ, ಗಂಡಿಗೂ ಹೆಣ್ಣಿಗೂ ಮೂಡುತ್ತವೆ. ಬೇರೆ ದಿನಗಳಲ್ಲಿ ಹಳದಿಯಾಗಿರುವ ಕೊಕ್ಕು ಆಗ ಕಪ್ಪಾಗುತ್ತದೆ, ಚಿತ್ರದಲ್ಲೂ ಕಪ್ಪು. ಎಂದರೆ ಈ ಹಕ್ಕಿ ಸಂಸಾರ ಹೂಡಿದೆ, ಇಲ್ಲವೇ ಹೂಡಲಿದೆ. ಆ ಸಂಸಾರ ಹೇಗಿರುತ್ತದೆಂದು ನೋಡಬೇಕಾದರೆ ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಮಂಡಗದ್ದೆಗೆ ಬನ್ನಿ. ಮಳೆಗಾಲದಲ್ಲಿ ತುಂಗೆಯ ನಡುವಿನ ಪುಟ್ಟ ದ್ವೀಪದ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನನ್ನ ದನಿ ಅವರಿಗೆ ಕೇಳಿಸಿದ್ದಿಲ್ಲ, ಅಷ್ಟು ಗದ್ದಲ. ಮರಿಗಳ ಕಿರುಚಾಟ, ಕೊಂಬೆಗಾಗಿ ಜಗಳ, ಪಕ್ಕದ ಗೂಡಿನಿಂದ ಕಡ್ಡಿ ಕದಿಯುವ ಕಳ್ಳತನ. ಗಾಳಿ ನಮ್ಮ ಕಡೆ ತಿರುಗಿದರೆ ಹಿಕ್ಕೆಯ ನಾತಕ್ಕೆ ಹುಡುಗಿಯರು ಮೂಗಿಗೆ ಸೆರಗು, ದುಪಟ್ಟಾ ಹಿಡಿಯುತ್ತಾರೆ. ಪ್ರಶಾಂತ ಒಳಾಂಗಣವಂತೆ!

ಇನ್ನು ನಿಂತ ಭಂಗಿ. ಕತ್ತು ಹಿಂದಕ್ಕೆ ಮಡಿಸಿ, ಎದೆ ಒಂದಿಷ್ಟು ಮುಂದಕ್ಕೆ ಬಾಗಿಸಿ, ಕಣ್ಣು ಕೆಳಕ್ಕೆ ನೆಟ್ಟಿದೆ. ಇದು ವಿಶ್ರಾಂತಿಯಲ್ಲ, ಬೇಟೆ. ಕೊಕ್ಕರೆ ಜಾತಿಯ ಈ ಹಕ್ಕಿಗಳ ಕತ್ತಿನ ಆರನೆಯ ಮೂಳೆಯ ರಚನೆಯೇ ಬೇರೆ. ಅದರಿಂದಲೇ ಕತ್ತು ಹಾಗೆ ಮಡಚಿ ಬಾಣದಂತೆ ಚಿಮ್ಮುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮೀನು ಬಾಯಲ್ಲಿರುತ್ತದೆ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಇಲ್ಲದಿದ್ದರೆ 'ಬಕಧ್ಯಾನ' ಎಂಬ ಮಾತು ಹುಟ್ಟುತ್ತಿತ್ತೇ? ಮೀನುಗಳನ್ನು ಬೇರೆ ಕೆರೆಗೆ ಸಾಗಿಸುತ್ತೇನೆಂದು ನಂಬಿಸಿ ಬಂಡೆಯ ಮೇಲೆ ತಿಂದು ಮುಗಿಸಿದ, ಕಡೆಗೆ ಏಡಿಯ ಕೈಗೆ ಸಿಕ್ಕ ಪಂಚತಂತ್ರದ ಬಕನ ಕಥೆಯನ್ನು ಎಷ್ಟು ತರಗತಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಒಬ್ಬ ಹುಡುಗನೂ ಆ ಹಕ್ಕಿಯನ್ನು ಶಾಂತ ಸ್ವಭಾವದ್ದು ಎಂದು ಬರೆದಿಲ್ಲ.

ಹಾಗೆಂದು ಹಕ್ಕಿಯದು ಕಪಟವೂ ಅಲ್ಲ. ಅದು ನಾವು ಹೊರಿಸಿದ್ದು. ಅದಕ್ಕೆ ಮರಿಗಳ ಹೊಟ್ಟೆ ತುಂಬಿಸಬೇಕಾಗಿದೆ. ನನಗೆ ಬೇಸರವಾದದ್ದು ಕಾಣದಂತೆ ತೆಗೆದುಹಾಕಿದ ಸಂಗತಿಗಳ ಬಗ್ಗೆ. ನೀರು ತೆಗೆದರೆ ಮೀನು ಹೋಯಿತು, ಮೀನು ಹೋದರೆ ಹಸಿವು ಹೋಯಿತು, ಉಳಿದದ್ದು ಸೋಫಾದ ಬಣ್ಣಕ್ಕೆ ಹೊಂದುವ ಒಂದು ಬಿಳಿ ಆಕಾರ. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರು ನಮ್ಮ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಪ್ಪುಬಿಳುಪಿನಲ್ಲೇ ಕಾಡುಪ್ರಾಣಿ, ಹಕ್ಕಿಗಳ ಚಿತ್ರ ತೆಗೆದು ಹೆಸರಾದವರು. ಬಣ್ಣವಿಲ್ಲದಿದ್ದರೂ ಅವರ ಚಿತ್ರಗಳಲ್ಲಿ ಬೆಳಕಿದೆ, ನೆರಳಿದೆ, ಪ್ರಾಣಿ ಎಲ್ಲಿದೆ ಎಂಬುದು ತಿಳಿಯುತ್ತದೆ. ಬಣ್ಣ ಬಿಡುವುದು ಬೇರೆ, ನೆಲೆಯನ್ನೇ ಬಿಡುವುದು ಬೇರೆ.

ಹೆಂಗಸರಾದ ನಾವು ಈ ಹಕ್ಕಿಗೆ ಸಂಬಂಧಿಸಿದ ಇನ್ನೊಂದು ಕಥೆ ತಿಳಿದಿರಬೇಕು. ಇದನ್ನು ಅಲಂಕಾರಕ್ಕೆ ಬಳಸಿದ್ದು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪು, ಅಮೆರಿಕಗಳ ಸಿರಿವಂತ ಸ್ತ್ರೀಯರ ಟೋಪಿಗಳಿಗೆ ಇವೇ ಬೆನ್ನಿನ ಗರಿಗಳು ಬೇಕಾಗಿದ್ದವು. ತೂಕಕ್ಕೆ ತೂಕ ಚಿನ್ನಕ್ಕಿಂತ ದುಬಾರಿ. ಗರಿ ಮೂಡುವುದು ಗೂಡಿನ ಕಾಲದಲ್ಲಾದ್ದರಿಂದ ಕೊಲ್ಲುತ್ತಿದ್ದದ್ದೂ ಆಗಲೇ. ಮರಿಗಳು ಗೂಡಿನಲ್ಲೇ ಹಸಿದು ಸಾಯುತ್ತಿದ್ದವು. ನಮ್ಮ ದೇಶದಿಂದಲೂ ಗರಿ ಹೋಗುತ್ತಿತ್ತು. 1902ರಲ್ಲಿ ಇಲ್ಲಿನ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ಇದಕ್ಕೆ ಎದುರಾಗಿ ನಿಂತವರೂ ಹೆಂಗಸರೇ. 1889ರಲ್ಲಿ ಮ್ಯಾಂಚೆಸ್ಟರ್ ಬಳಿ ಎಮಿಲಿ ವಿಲಿಯಮ್‌ಸನ್ ಗರಿ ತೊಡದ ಸ್ತ್ರೀಯರ ಸಂಘ ಕಟ್ಟಿದರು. 1896ರಲ್ಲಿ ಬಾಸ್ಟನ್ನಿನ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನ್ನಾ ಹಾಲ್ ಗೆಳತಿಯರನ್ನು ಚಹಾಕ್ಕೆ ಕರೆದು ಕರೆದು ಗರಿಯ ಟೋಪಿ ಬಿಡಿಸಿದರು. ಇಂಗ್ಲೆಂಡಿನಲ್ಲಿ ಗರಿಯ ಆಮದು ತಡೆಯುವ ಕಾನೂನು ಬರಲು 1921ರ ತನಕ ಕಾಯಬೇಕಾಯಿತು.

ಹಕ್ಕಿಯನ್ನು ಕೊಲ್ಲದೆ ಗರಿಯ ಅಂದ ಮಾತ್ರ ಮನೆಗೆ ಬಂದಿದೆಯಲ್ಲ, ಇದು ಒಳ್ಳೆಯದೇ ಅನ್ನಿ. ಆ ಮಟ್ಟಿಗೆ ಫೋಟೋಗ್ರಾಫರಿಗೆ ನಮಸ್ಕಾರ. ಗೂಡಿನ ಹತ್ತಿರ ಹೋಗಿ, ಅಡ್ಡ ಬಂದ ಟೊಂಗೆ ಸವರಿ ಚಿತ್ರ ತೆಗೆಯುವವರೂ ಇದ್ದರು. ಇವರು ಹಾಗೆ ಮಾಡಿಲ್ಲವೆಂದೇ ನಂಬುತ್ತೇನೆ.

ದಿನವೂ ನೋಡುತ್ತ ನೋಡುತ್ತ ನನಗೆ ಹಿಡಿಸಿದ್ದು ಗರಿಯಲ್ಲ, ಕಣ್ಣು. ಇಷ್ಟೆಲ್ಲ ಅಳಿಸಿದವರು ಅದನ್ನೊಂದು ಅಳಿಸಲಾಗಿಲ್ಲ. ಕಾಣದ ನೀರಿನಲ್ಲಿ ಕಾಣದ ಮೀನನ್ನು ಅದು ಇನ್ನೂ ಕಾಯುತ್ತಿದೆ. ರಾತ್ರಿ ಒಂಬತ್ತಕ್ಕೆ ಮಗಳ ಫೋನು ಬರುವ ತನಕ ಊಟದ ತಟ್ಟೆ ಮುಂದಿಟ್ಟುಕೊಂಡು ಕೂರುವ ನನ್ನ ಭಂಗಿಯನ್ನು ಯಾರಾದರೂ ದೂರದಿಂದ ಫೋಟೋ ತೆಗೆದರೆ ಅದರ ಹಿಂದೆಯೂ ಪ್ರಶಾಂತ ಎಂದೇ ಚೀಟಿ ಅಂಟಿಸುತ್ತಾರೇನೋ.

ಹಾಲ್‌ನಲ್ಲಿ ಹಾಕಲಿಲ್ಲ. ಅಲ್ಲಿ ಅವರ ಫೋಟೋ ಇದೆ. ಮೇಲಾಗಿ ಟ್ಯೂಬ್‌ಲೈಟು ಗಾಜಿನಲ್ಲಿ ಹೊಳೆದು ಹಕ್ಕಿಯೇ ಕಾಣುವುದಿಲ್ಲ. ಕಿಟಕಿಯ ಎದುರಾದರೆ ಬಿಸಿಲಿಗೆ ಮಾಸುತ್ತದೆ. ಅಡಿಗೆಮನೆಗೆ ಹೋಗುವ ಓಣಿಯಲ್ಲಿ, ನಿಂತರೆ ನನ್ನ ಕಣ್ಣಿಗೆ ಸರಿಯಾಗಿ ಅದರ ಕಣ್ಣು ಬರುವಷ್ಟು ಎತ್ತರಕ್ಕೆ ಮೊಳೆ ಹೊಡೆಸಿದೆ. ಕೆಲಸದಾಕೆಗೆ ಅದು ನೀರಿನಲ್ಲಿ ನಿಂತಿದೆ ಎಂದೆ. "ಕಾಣಂಗಿಲ್ವಲ್ಲ" ಎಂದು ಗಾಜು ಒರೆಸಿ ಮತ್ತೊಮ್ಮೆ ನೋಡಿದಳು. ಆ ಗೋಡೆಗೆ ತಾಗಿಸಿ ಒಂದು ಸ್ಟೂಲು ಹಾಕಿ, ಅವರ ರೇಡಿಯೋ ಅದರ ಮೇಲಿಟ್ಟಿದ್ದೇನೆ. ಸೆಲ್ಲು ತರಬೇಕು.