ಅಡುಗೆ ಸ್ಪರ್ಧೆಗೆ ನೀವು ಕರೆದದ್ದು ಯಾರನ್ನು?

ಕೆಲವು ವರ್ಷಗಳ ಹಿಂದೆ ಬೀದರ್ ನಗರದಲ್ಲಿ ನಡೆದ ಒಂದು ಅಡುಗೆ ಸ್ಪರ್ಧೆಗೆ ಹೋಗಿದ್ದೆ. ಸಂಘಟಕರ ಹೆಸರು ಇಲ್ಲಿ ಮುಖ್ಯವಲ್ಲ. 'ಎಲ್ಲ ಮಹಿಳೆಯರಿಗೂ ಮುಕ್ತ ಅವಕಾಶ' ಎಂದು ಕರಪತ್ರದಲ್ಲಿತ್ತು. ಬಂದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಹೆಚ್ಚಿನವರು ಎರಡು ಮೂರು ಬಡಾವಣೆಗಳವರು, ಒಬ್ಬರಿಗೊಬ್ಬರು ಪರಿಚಿತರು. ಮೇಜಿನ ಮೇಲೆ ಮೂರು ಬಣ್ಣದ ಪಲಾವ್ ಇತ್ತು, ಗೋಬಿ ಮಂಚೂರಿ ಇತ್ತು, ಕ್ಯಾರೆಟ್ಟಿನಲ್ಲಿ ಕೆತ್ತಿದ ಹೂಗಳಿದ್ದವು. ಜೋಳದ ರೊಟ್ಟಿ ಮಾತ್ರ ಕಾಣಲಿಲ್ಲ.

ಸಭಾಂಗಣದ ಹಿಂದೆ ಔರಾದ್ ಕಡೆಯ ಹೆಂಗಸೊಬ್ಬರು ಪಾತ್ರೆ ತೊಳೆಯುತ್ತಿದ್ದರು. "ಅಕ್ಕಾ, ನೀವ್ಯಾಕ ಹೆಸರು ಕೊಡಲಿಲ್ರಿ?" ಎಂದು ಕೇಳಿದೆ. ಅವರು ನಕ್ಕು ಮೂರು ಮಾತು ಕೇಳಿದರು. "ಸಾಮಾನ ಯಾರ ಕೊಡ್ತಾರ್ರಿ? ಒಂದ ದಿನದ ಕೂಲಿ ಹೋದ್ರ ಅದನ್ನ ಯಾರ ಕೊಡ್ತಾರ? ಮತ್ತ, ನಾ ಮಾಡಿದ್ದು ಇವರು ತಿಂತಾರೇನ್ರಿ?"

ಅಡುಗೆ ಸ್ಪರ್ಧೆ ಏರ್ಪಡಿಸುವ ಪ್ರತಿಯೊಬ್ಬರೂ ಕರಪತ್ರ ಅಚ್ಚು ಹಾಕಿಸುವ ಮೊದಲು ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು.

ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿತು. ಆ ಬಳಿಕ ನಮ್ಮ ಕೃಷಿ ಇಲಾಖೆ ಜಿಲ್ಲೆಗಳಲ್ಲಿ 'ಸಿರಿಧಾನ್ಯ ಮತ್ತು ಮರೆತುಹೋದ ಖಾದ್ಯಗಳ ಪಾಕ ಸ್ಪರ್ಧೆ' ನಡೆಸಿತು. ಉದ್ದೇಶ ಒಳ್ಳೆಯದೇ. ಆದರೆ 'ಮರೆತುಹೋದ' ಎಂಬ ಮಾತನ್ನು ಸ್ವಲ್ಪ ವಿಚಾರಿಸಬೇಕು. ಮರೆತವರು ಯಾರು? ಭಾಲ್ಕಿಯ ಹಳ್ಳಿಗಳಲ್ಲಿ ಪುಂಡಿ ಪಲ್ಯ, ಜೋಳದ ನುಚ್ಚು, ಅಂಬಲಿ, ಸಜ್ಜೆ ರೊಟ್ಟಿ ಇವು ಯಾವುವೂ ಮರೆತುಹೋಗಿಲ್ಲ. ಮುಂಗಾರಿನ ಹೊಲವನ್ನು ಸೋಯಾ ಆವರಿಸಿಕೊಂಡಿರಬಹುದು, ಆದರೆ ಅಡುಗೆಯವಳ ಕೈ ಏನನ್ನೂ ಮರೆತಿಲ್ಲ. ಮರೆತಿರುವುದು ಪಟ್ಟಣ. ಹಾಗಿರುವಾಗ ಮರೆತವರನ್ನೇ ಸ್ಪರ್ಧೆಗೆ ಕರೆದು, ನೆನಪಿಟ್ಟುಕೊಂಡವರನ್ನು ಹೊರಗೆ ನಿಲ್ಲಿಸಿದರೆ ಯಾವ ಖಾದ್ಯ ಮರಳಿ ಬಂದೀತು?

ನಮ್ಮ ಸಂಘಟಕರ ಮೊದಲ ತಪ್ಪು ಇಲ್ಲಿದೆ. ಅವರು 'ಮಹಿಳೆಯರು' ಎನ್ನುತ್ತಾರೆ. ಯಾವ ಮಹಿಳೆಯರು ಎಂದು ತಮ್ಮನ್ನು ತಾವು ಕೇಳಿಕೊಳ್ಳುವುದಿಲ್ಲ. ಅಕ್ಷರ ದಾಸೋಹ ಯೋಜನೆ 2002-03ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು. ಅಂದರೆ ಎರಡು ದಶಕಗಳಿಂದ ಈ ಜಿಲ್ಲೆಯ ಶಾಲೆಗಳಲ್ಲಿ ಹೆಂಗಸರು ಹತ್ತಾರು, ಕೆಲವೆಡೆ ನೂರಾರು ಮಕ್ಕಳಿಗೆ ದಿನವೂ ಅಡುಗೆ ಮಾಡಿ ಬಡಿಸುತ್ತಿದ್ದಾರೆ. ಇವರಿಗಿಂತ ಅನುಭವಿಗಳು ಎಲ್ಲಿ ಸಿಗುತ್ತಾರೆ? 2021ರಲ್ಲಿ ಕೇಂದ್ರ ಸರಕಾರ ಬಿಸಿಯೂಟ ಯೋಜನೆಗೆ ಪಿಎಂ ಪೋಷಣ್ ಎಂಬ ಹೆಸರಿಟ್ಟಾಗ, ಸ್ಥಳೀಯ ಧಾನ್ಯ, ತರಕಾರಿಗಳ ಅಡುಗೆಗೆ ಹಳ್ಳಿ ಮಟ್ಟದಿಂದ ರಾಷ್ಟ್ರ ಮಟ್ಟದವರೆಗೆ ಸ್ಪರ್ಧೆಗಳನ್ನು ಪ್ರೋತ್ಸಾಹಿಸುವುದಾಗಿ ಹೇಳಿತ್ತು. ಹಳ್ಳಿಯಿಂದ ಆರಂಭಿಸುವ ಈ ಕ್ರಮವನ್ನು ಖಾಸಗಿ ಸಂಘಟಕರೂ ಅನುಸರಿಸಬಹುದು. ಬಿಸಿಯೂಟದ ಅಡುಗೆಯವರು, ಕೂಲಿಗೆ ಹೋಗುವವರು, ಔರಾದ್‌ನ ತಾಂಡಾಗಳ ಹೆಂಗಸರು, ಮದುವೆಗಳಲ್ಲಿ ಬಗಾರಾ ಖಾನಾ, ದಾಲ್ಚಾ ಮಾಡುವ ಬಾವರ್ಚಿಗಳು, ಮನೆಯೊಳಗಷ್ಟೇ ಅಡುಗೆ ಮಾಡುವ ಗೃಹಿಣಿಯರು. ಇವರು ಬೇರೆ ಬೇರೆ ಜನ. ಇವರಿಗೆ ತಲುಪುವ ದಾರಿಗಳೂ ಬೇರೆ ಬೇರೆ.

ಪತ್ರಿಕಾ ಪ್ರಕಟಣೆ ಇವರಲ್ಲಿ ಹೆಚ್ಚಿನವರನ್ನು ಮುಟ್ಟುವುದಿಲ್ಲ. 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆ ಇದು. ಬೀದರ್‌ನ ಓಣಿಗಳಲ್ಲಿ ದಖನಿ, ಭಾಲ್ಕಿ ಮತ್ತು ಔರಾದ್‌ನ ಗಡಿ ಹಳ್ಳಿಗಳಲ್ಲಿ ಮರಾಠಿ, ತಾಂಡಾದಲ್ಲಿ ಲಂಬಾಣಿ ಮಾತು ಕೇಳುತ್ತದೆ. ಕನ್ನಡದ ಕರಪತ್ರ ಬೇಡವೆಂದಲ್ಲ. ಅದರ ಜೊತೆಗೆ ಒಬ್ಬ ಹೆಂಗಸು ಇನ್ನೊಬ್ಬಳ ಮನೆಗೆ ಹೋಗಿ, ಅವಳ ಮಾತಿನಲ್ಲಿ, "ನಿನ್ನ ಅಡಿಗಿ ಬೇಕು, ನೀ ಬರಬೇಕು" ಎಂದು ಕರೆಯಬೇಕು. ಸ್ವಸಹಾಯ ಸಂಘದ ಸಭೆ, ಅಂಗನವಾಡಿ, ಶಾಲೆಯ ಅಡುಗೆ ಕೋಣೆ ಇದಕ್ಕೆ ತಕ್ಕ ಜಾಗಗಳು.

ಇನ್ನು ಕೂಲಿಯ ಪ್ರಶ್ನೆ. ಭಾಲ್ಕಿಯೂ ಔರಾದೂ ಬೀದರ್‌ನಿಂದ ಸುಮಾರು 40 ಕಿಲೋಮೀಟರ್ ದೂರ. ಭಾಲ್ಕಿಗೆ ರೈಲಿದೆ, ಔರಾದ್‌ಗೆ ಬಸ್ಸೇ ಗತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರಕಾರಿ ಬಸ್ಸಿನ ಟಿಕೆಟ್ ಚಿಂತೆ ತಪ್ಪಿತು. ಆದರೆ ಕಳೆದುಹೋದ ದಿನದ ಕೂಲಿಯನ್ನು ಬಸ್ಸು ಕೊಡುವುದಿಲ್ಲ. ಗೆದ್ದವರಿಗೆ ಮಿಕ್ಸರ್ ಕೊಡುವ ಬದಲು ಬಂದ ಎಲ್ಲರಿಗೂ ಒಂದು ದಿನದ ಕೂಲಿ ಮತ್ತು ಸಾಮಾನು ಕೊಟ್ಟು ನೋಡಲಿ, ಯಾರು ಬರುತ್ತಾರೆಂದು ಗೊತ್ತಾಗುತ್ತದೆ. ಬಹುಮಾನ ವಿತರಣೆಯನ್ನು ರಾತ್ರಿಗೆ ಇಟ್ಟರೆ ಹಳ್ಳಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆ ಎಂಬುದೂ ನೆನಪಿರಲಿ. ಎಲ್ಲಕ್ಕಿಂತ ಉತ್ತಮವೆಂದರೆ ಭಾಲ್ಕಿಯದನ್ನು ಭಾಲ್ಕಿಯಲ್ಲೇ, ಔರಾದ್‌ನದನ್ನು ಔರಾದ್‌ನಲ್ಲೇ ನಡೆಸುವುದು.

"ಮುಸ್ಲಿಮ್ ಮಹಿಳೆಯರು ಬರುವುದಿಲ್ಲ" ಎಂದು ದೂರುವವರಿದ್ದಾರೆ. ರಮಝಾನಿನ ಹಗಲಿನಲ್ಲಿ ಸ್ಪರ್ಧೆ ಇಟ್ಟರೆ ಅವರು ಉಪ್ಪು ನೋಡುವುದಾದರೂ ಹೇಗೆ? ಒಲ್ಲೆನೆಂದರೂ ಫೋಟೋ ತೆಗೆದರೆ ಮರುವರ್ಷ ಯಾಕೆ ಬಂದಾರು? ಆದರೆ ತಪ್ಪು ಒಂದೇ ಕಡೆಯದಲ್ಲ. ನಮ್ಮ ಸಂಘಟನೆಗಳೂ ತಮ್ಮವರಿಗೆಂದೇ ಸ್ಪರ್ಧೆ ಇಟ್ಟು, ತಮ್ಮವರಿಂದಲೇ ರುಚಿ ನೋಡಿಸಿ, ತಮ್ಮವರಿಗೇ ಬಹುಮಾನ ಹಂಚಿ ಮುಗಿಸುತ್ತವೆ. ಲಿಂಗಾಯತರದ್ದು ಒಂದು ಕಡೆ, ಮರಾಠರದ್ದು ಒಂದು ಕಡೆ, ಮುಸ್ಲಿಮರದ್ದು ಇನ್ನೊಂದು ಕಡೆ. 'ಸಮುದಾಯ' ಎಂಬ ದೊಡ್ಡ ಪದಕ್ಕೆ 'ನಮ್ಮ ಜನ' ಎಂಬ ಸಣ್ಣ ಅರ್ಥ ಬಂದುಬಿಟ್ಟಿದೆ.

ಕೊನೆಗೆ, ಆ ಹೆಂಗಸಿನ ಮೂರನೆಯ ಪ್ರಶ್ನೆ: ನಾ ಮಾಡಿದ್ದು ಇವರು ತಿಂತಾರೇನ್ರಿ? ಚಾಮರಾಜನಗರದ ಹೊಮ್ಮ ಗ್ರಾಮದ ಶಾಲೆಯಲ್ಲಿ ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಬಳಿಕ ಹಲವು ಪೋಷಕರು ಮಕ್ಕಳನ್ನು ಶಾಲೆ ಬಿಡಿಸಿದರೆಂಬ ಸುದ್ದಿ 2025ರ ಜೂನ್‌ನಲ್ಲಿ ಪತ್ರಿಕೆಗಳಲ್ಲಿ ಬಂತು. ಅಂಥ ಸುದ್ದಿ ಬರುವ ನಾಡಿನಲ್ಲಿ ಈ ಪ್ರಶ್ನೆಯನ್ನು ಸಂಕೋಚವೆಂದು ತಳ್ಳಿಹಾಕುವಂತಿಲ್ಲ. ತೀರ್ಪುಗಾರರು ಚಮಚದ ತುದಿಯಲ್ಲಿ ರುಚಿ ನೋಡಿ ಅಂಕ ಬರೆದರೆ ಅದಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ. ಬಂದವರೆಲ್ಲ ಕುಳಿತು ಉಣ್ಣಬೇಕು. ಮಾಂಸ ತಿನ್ನದವರಿಗೆ ಬೇರೆ ಒಲೆ, ಬೇರೆ ಪಾತ್ರೆ ಇರಲಿ. ಹಲಾಲ್ ಬೇಕೆನ್ನುವವರಿಗೆ ಅದರ ಖಾತ್ರಿ ಇರಲಿ. ಆದರೆ ಪಂಕ್ತಿ ಒಂದೇ ಇರಲಿ.

ಇದು ಆಗದ ಮಾತೇನೂ ಅಲ್ಲ. ಎಳ್ಳ ಅಮಾವಾಸ್ಯೆಯ ದಿನ ಬೀದರ್ ಜಿಲ್ಲೆಯ ಹೊಲಗಳಿಗೆ ಹೋಗಿ ನೋಡಿ. ಹಸಿ ಕಡಲೆ, ತೊಗರಿ, ಅವರೆ, ಬದನೆ, ಸೊಪ್ಪುಗಳೆಲ್ಲ ಒಂದೇ ಪಾತ್ರೆಯಲ್ಲಿ ಬೆಂದು ಭಜ್ಜಿಯಾಗುತ್ತವೆ. ಜೊತೆಗೆ ರೊಟ್ಟಿ, ಅಂಬಲಿ. ಹೊಲದವರು ಜಾತಿ, ಮತ ನೋಡದೆ ಗೆಳೆಯರನ್ನು, ನೆರೆಯವರನ್ನು ಕರೆಯುತ್ತಾರೆ. ಅದಕ್ಕೆ ಕರಪತ್ರವಿಲ್ಲ, ಪ್ರವೇಶ ಶುಲ್ಕವಿಲ್ಲ, ಬಹುಮಾನವೂ ಇಲ್ಲ. ಆದರೂ ಜನ ಬರುತ್ತಾರೆ. ಬಾಯಿ ತುಂಬ ಕರೆದಿದ್ದಾರೆ, ಹೋದರೆ ಹೊಟ್ಟೆ ತುಂಬ ಬಡಿಸುತ್ತಾರೆ ಎಂಬುದು ಅವರಿಗೆ ಗೊತ್ತು.

ಮುಂದಿನ ಸ್ಪರ್ಧೆಯ ಸಂಘಟಕರು ಮೊದಲು ಆ ಹೊಲಕ್ಕೆ ಹೋಗಿ ಉಂಡು ಬರಲಿ. ಕರಪತ್ರವನ್ನು ಆಮೇಲೆ ಬರೆಯಲಿ.